ಕವಚ ಯಾರಿಗೆ?

ಹೊಸದಾಗಿ ಮೋಟಾರು ಸೈಕಲ್ಲನ್ನು ಕೊಂಡವನು ಮಾಡುವ ಮೊದಲ ಕೆಲಸ ಅದಕ್ಕೆ ಪೂಜೆ ಮಾಡಿಸಿ ಗಾಲಿಯ ಕೆಳಗೆ ನಿಂಬೆಯ ಹಣ್ಣಿಡುವುದು. ಎರಡನೆಯ ಕೆಲಸ, ಬೆಂಗಳೂರಿನಲ್ಲಾದರೆ ಜೆ. ಸಿ. ರಸ್ತೆಗೆ ಹೋಗಿ, ಗಾಡಿ ಬಿದ್ದರೂ ಕೆಡದಿರುವಂತೆ ಏನನ್ನಾದರೂ ಹಾಕಿಸಿಕೊಂಡು ಬರುವುದು. ದೇವರಲ್ಲಿ ನಮಗೆ ನಂಬಿಕೆಯುಂಟು, ರಸ್ತೆಯಲ್ಲಿ ಇಲ್ಲ. ಇದರಲ್ಲಿ ಅವಿವೇಕವೇನೂ ಕಾಣದು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೆ? ಎರಡು ಗಾಲಿಯ ಮೇಲೆ ಕುಳಿತವನು ಎಂದಾದರೊಂದು ದಿನ ನೆಲವನ್ನು ಮುಟ್ಟಲೇಬೇಕು. ಹಿಂದೆ ಈ ‘ಏನಾದರೂ’ ಎಂಬುದು ಎಂಜಿನ್ನಿನ ಇಕ್ಕೆಲಕ್ಕೂ ಚಾಚಿಕೊಂಡ ಉಕ್ಕಿನ ಕೊಳವೆಯ ಗಾರ್ಡ್ ಆಗಿತ್ತು. ಅದು ಇಂದಿಗೂ ಉಂಟು. ಆದರೆ ವೇಗದ ಗಾಡಿಗಳನ್ನು ಮೆಚ್ಚುವ ತರುಣರು ಈಗ ಕೇಳುವುದು ‘ಸ್ಲೈಡರ್’ ಎಂಬ ಇನ್ನೊಂದು ವಸ್ತುವನ್ನು.

ಅದನ್ನು ಹಾಕಿಸಬೇಕೇ, ಬೇಡವೇ ಎಂಬುದು ಪ್ರಕೃತ ವಿಷಯ. ಸಾಹಿತ್ಯದ ಪುಟದಲ್ಲಿ ನಟ್ಟು ಬೋಲ್ಟುಗಳ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನಮ್ಮ ಕಾಲೇಜಿನ ಅಂಗಳದಲ್ಲಿ ಸೈಕಲ್ಲುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಾಲುಸಾಲಾಗಿ ಮೋಟಾರು ಸೈಕಲ್ಲುಗಳು ನಿಲ್ಲುತ್ತವೆ. ಅವುಗಳ ಮೇಲೆ ಬಂದುಹೋಗುವವರು ನಮ್ಮ ಮಕ್ಕಳು. ‘ಹಾಕಿಸಲೋ ಬೇಡವೋ, ಹೇಳಿ ಸಾರ್’ ಎಂದು ಅವರಲ್ಲೊಬ್ಬ ನನ್ನನ್ನು ಕೇಳಿದಾಗ, ಹಳಗನ್ನಡದ ಮೇಷ್ಟರಿಗೆ ಇದೆಲ್ಲ ತಿಳಿಯದು ಎಂದು ಜಾರಿಕೊಳ್ಳುವುದು ಸುಲಭವಾಗಿತ್ತು, ಸರಿಯಾಗಿ ತೋರಲಿಲ್ಲ. ವಿಚಾರಿಸಿ ನೋಡಿದೆ. ತಿಳಿದುದನ್ನೂ ನನಗನ್ನಿಸಿದುದನ್ನೂ ಇಲ್ಲಿ ಹೇಳುತ್ತೇನೆ.

ಸ್ಲೈಡರ್ ಎಂದರೆ ನೈಲಾನ್, ಡೆಲ್ರಿನ್ ಮೊದಲಾದ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಿದ ಒಂದು ಗುಬಟು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿಯುವ ಬೋಲ್ಟನ್ನು ತೆಗೆದು, ಅದಕ್ಕಿಂತ ಉದ್ದನೆಯ ಬೋಲ್ಟಿನಿಂದ ಇದನ್ನು ಎರಡು ಪಕ್ಕದಲ್ಲಿಯೂ ಕೂಡಿಸುವುದು ಸಾಮಾನ್ಯ ಕ್ರಮ. ಗಾಡಿ ಮಗ್ಗುಲಾಗಿ ಬಿದ್ದಾಗ ಮೊದಲು ನೆಲ ಮುಟ್ಟುವ ಭಾಗಗಳಲ್ಲಿ ಇದೂ ಒಂದು. ಇದರ ತವರು ರೇಸಿನ ಪಥ. ಅಲ್ಲಿ ತಿರುವಿನಲ್ಲಿ ಗಾಲಿಯ ಹಿಡಿತ ತಪ್ಪಿದರೆ ಗಾಡಿ ಒಂದು ಮಗ್ಗುಲಾಗಿ ಜಾರುತ್ತ ಹೋಗುತ್ತದೆ. ತೊಗಲಿನ ಉಡುಪು ತೊಟ್ಟ ಸವಾರನೂ ಬೇರೆಯಾಗಿ ಜಾರುತ್ತಾನೆ. ಎಂಜಿನ್ನಿನ ಹೊದಿಕೆ ಸವೆಯಬೇಕಾದ ಕಡೆ ಪ್ಲಾಸ್ಟಿಕ್ಕಿನ ಗುಬಟು ಸವೆಯುತ್ತದೆ. ಕೆಲವು ನೂರು ರೂಪಾಯಿಯ ವಸ್ತು ಹಾಳಾಗಿ ಸಾವಿರಾರು ರೂಪಾಯಿಯ ವಸ್ತು ಉಳಿಯುತ್ತದೆ. ಲೆಕ್ಕ ಸರಳವಾಗಿದೆ.

ಊರೊಳಗಿನ ಬಳಕೆಯಲ್ಲಿಯೂ ಇದರಿಂದ ಲಾಭವಿಲ್ಲವೆಂದು ಹೇಳಲಾಗದು. ಮೋಟಾರು ಸೈಕಲ್ಲುಗಳು ಓಡುವಾಗ ಮಾತ್ರ ಬೀಳುತ್ತವೆಯೆಂದಿಲ್ಲ; ನಿಂತಲ್ಲಿಯೇ ಬೀಳುವುದೂ ಹೇರಳ. ಮೆತ್ತನೆಯ ಮಣ್ಣಿನಲ್ಲಿ ಸ್ಟ್ಯಾಂಡು ಹೂತುಹೋಗುತ್ತದೆ. ಪಕ್ಕದ ಗಾಡಿಯನ್ನು ತೆಗೆಯುವವನ ಕೈ ತಾಗುತ್ತದೆ. ಸಾಲಿನಲ್ಲಿ ಒಂದು ಉರುಳಿದರೆ ಐದು ಉರುಳುತ್ತವೆ. ಅಂಥ ಪತನದಲ್ಲಿ ಟ್ಯಾಂಕಿಗೂ ಎಂಜಿನ್ನಿನ ಹೊದಿಕೆಗೂ ಆಗುವ ಪೆಟ್ಟನ್ನು ಈ ಗುಬಟು ಬಹುಮಟ್ಟಿಗೆ ತಡೆಯಬಲ್ಲುದು. ಮನೆಮನೆಗೆ ಊಟದ ಪೊಟ್ಟಣ ಹಂಚಿ ಜೀವಿಸುವ ಹುಡುಗನಿಗೆ ಗಾಡಿಯೊಂದು ದಿನ ನಿಂತರೆ ಒಂದು ದಿನದ ಸಂಪಾದನೆ ಖೋತಾ. ಕಂತಿನ ಸಾಲ ಮಾತ್ರ ನಿಲ್ಲುವುದಿಲ್ಲ. ಅಂಥವನು ತನ್ನ ಗಾಡಿಗೆ ಗಾರ್ಡನ್ನೋ ಸ್ಲೈಡರನ್ನೋ ಹಾಕಿಸಿದರೆ ಅದನ್ನು ಷೋಕಿಯೆಂದು ಹಳಿಯುವ ಅಧಿಕಾರ ನಮಗಿಲ್ಲ.

ಇದು ಒಂದು ಪಕ್ಷ. ಇನ್ನೊಂದು ಪಕ್ಷವನ್ನೂ ಕೇಳಬೇಕು. ರೇಸಿನ ಪಥ ನುಣುಪಾಗಿರುತ್ತದೆ. ನಮ್ಮ ರಸ್ತೆಯಲ್ಲಿ ಹಂಪು, ಗುಂಡಿ, ಮೇಲೆದ್ದ ಮ್ಯಾನ್‌ಹೋಲಿನ ಮುಚ್ಚಳ, ನಡುವಿನ ವಿಭಜಕದ ಕಲ್ಲು, ಎಲ್ಲವೂ ಇವೆ. ಜಾರಬೇಕಾದ ಗುಬಟು ಇವುಗಳಲ್ಲೊಂದಕ್ಕೆ ತಗುಲಿಕೊಂಡರೆ, ಜಾರುತ್ತಿದ್ದ ಗಾಡಿ ಪಲ್ಟಿ ಹೊಡೆಯಬಹುದು. ಪೆಟ್ಟು ಗುಬಟಿನಲ್ಲಿಯೇ ಮುಗಿಯುವುದೂ ಇಲ್ಲ; ಬೋಲ್ಟಿನ ಮೂಲಕ ಒಳಕ್ಕೆ ಹೋಗುತ್ತದೆ. ಗುಬಟು ಎಷ್ಟು ಉದ್ದವೋ ಅಷ್ಟು ಸನ್ನೆಯ ಬಲ ಅದಕ್ಕೆ ದೊರೆಯುತ್ತದೆ. ಆಗ ಬೋಲ್ಟು ಬಾಗೀತು, ಎಂಜಿನ್ನು ಕೂರುವ ಕಟ್ಟೇ ಬಿರುಕು ಬಿಟ್ಟೀತು. ಹೊದಿಕೆಯನ್ನಾದರೆ ಬದಲಿಸಬಹುದು; ಚೌಕಟ್ಟು ಕೆಟ್ಟರೆ ಗಾಡಿಯೇ ಕೆಟ್ಟಂತೆ. ಹೆಸರಿಲ್ಲದ ಅಗ್ಗದ ಮಾಲನ್ನು, ಬಿಗಿತದ ಅಳತೆ ತಿಳಿಯದ ಕೈಯಿಂದ ಹಾಕಿಸಿದರೆ, ಮೂಗಿಗಿಂತ ಮೂಗುತಿ ಭಾರವಾಗುವುದು ಖಂಡಿತ.

ಇವೆಲ್ಲ ಯಂತ್ರದ ಮಾತು. ನನ್ನ ನಿಜವಾದ ತಕರಾರು ಒಂದು ಶಬ್ದದ ಮೇಲೆ. ಅಂಗಡಿಯವನು ಇದನ್ನು ‘ಸೇಫ್ಟಿ’ ಎಂದು ಮಾರುತ್ತಾನೆ. ಕೊಳ್ಳುವವನು ಯಾರ ಸೇಫ್ಟಿ ಎಂದು ಕೇಳುವುದಿಲ್ಲ. ‘ಗಾಡಿಗೆ ಸೇಫ್ಟಿ ಹಾಕಿಸಿದ್ದೇನೆ’ ಎಂಬ ವಾಕ್ಯದಲ್ಲಿ ಚತುರ್ಥೀ ವಿಭಕ್ತಿ ಗಾಡಿಗೆ ಸೇರಿದ್ದು, ಸವಾರನಿಗಲ್ಲ. ವ್ಯಾಕರಣವನ್ನು ಗಮನಿಸದವನು ಹೊರಗೆ ಹೋಗುವಾಗ ತಾನೂ ಸುರಕ್ಷಿತನಾದೆನೆಂದು ಭಾವಿಸುತ್ತಾನೆ. ಅಪಾಯ ಇರುವುದು ಈ ಭಾವನೆಯಲ್ಲಿ.

ಉಕ್ಕಿನ ಗಾರ್ಡಾದರೂ ಕಾಲನ್ನು ಕಾಯುತ್ತದೆಯಲ್ಲವೇ ಎನ್ನುವವರುಂಟು. ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಊಹೆಗೆ ಬಿಡದೆ ಎಣಿಸಿ ನೋಡಿದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬವರು ತಮ್ಮ ಸಂಗಡಿಗರೊಡನೆ ಲಾಸ್ ಏಂಜಲೀಸ್ ಪ್ರದೇಶದ 900ಕ್ಕೂ ಹೆಚ್ಚು ಮೋಟಾರು ಸೈಕಲ್ ಅಪಘಾತಗಳನ್ನು ನಡೆದ ಸ್ಥಳದಲ್ಲಿಯೇ ಪರಿಶೀಲಿಸಿ, ಪೊಲೀಸರ 3,600 ವರದಿಗಳನ್ನೂ ಓದಿ, 1981ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಗಾರ್ಡಿನಿಂದ ಪಾದಕ್ಕೂ ಹರಡಿಗೂ ಆಗುವ ಗಾಯ ಕಡಮೆಯಾಗುತ್ತದೆ. ಆದರೆ ತೊಡೆ, ಮಂಡಿ, ಮೊಣಕಾಲ ಕೆಳಭಾಗಗಳ ಗಾಯ ಅಷ್ಟೇ ಹೆಚ್ಚುತ್ತದೆ. ಒಟ್ಟಿನಲ್ಲಿ ಅದು ಸವಾರನಿಗೆ ರಕ್ಷಣೆಯೆನಿಸದು. ಇದು ಅವರು ಕಂಡ ಸಂಗತಿ. ಪೆಟ್ಟು ತಪ್ಪಲಿಲ್ಲ, ಸ್ಥಾನ ಬದಲಿಸಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಗಾಂಧಾರಿಯ ವಿಷಯವಾಗಿ ಜನಜನಿತವಾಗಿರುವ ಕಥೆ. ಕಣ್ಣಿನ ಕಟ್ಟನ್ನು ಬಿಚ್ಚಿ ಆಕೆ ಮಗನನ್ನು ನೋಡಿದಳಂತೆ. ನೋಟ ಬಿದ್ದ ಮೈಯೆಲ್ಲ ವಜ್ರವಾಯಿತಂತೆ. ಬಟ್ಟೆ ಮರೆಮಾಡಿದ ತೊಡೆ ಮಾತ್ರ ಹಾಗೆಯೇ ಉಳಿಯಿತಂತೆ. ಭೀಮನ ಗದೆ ಬಿದ್ದದ್ದು ಅಲ್ಲಿಯೇ. ರನ್ನನ ದುರ್ಯೋಧನನ ಕಥೆಯನ್ನು ಪಾಠ ಹೇಳುವ ನಾವು ಊರುಭಂಗದ ಅರ್ಥವನ್ನು ರಸ್ತೆಯಲ್ಲಿ ಮರೆಯಬಾರದು. ಅರೆಯಾದ ಕವಚಕ್ಕಿಂತ ಹೆಚ್ಚು ಕೇಡು ಮಾಡುವುದು, ಅದು ಪೂರ್ಣವಾದುದೆಂಬ ಧೈರ್ಯ.

ಹಾಗಾದರೆ ಕವಚ ಎಲ್ಲಿರಬೇಕು? ಇದಕ್ಕೆ ಉತ್ತರ ದೊರೆತು ಬಹಳ ಕಾಲವಾಯಿತು. ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿಯ ರಸ್ತೆಯೊಂದರಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಬ್ರೂ ಸುಪೀರಿಯರ್ ಗಾಡಿಯಿಂದ ಎಸೆಯಲ್ಪಟ್ಟು, ಆರು ದಿನಗಳ ಮೇಲೆ ತಲೆಯ ಗಾಯದಿಂದ ಸತ್ತನು. ಅವನ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಒಬ್ಬರು. ಅವರು ಆ ಸಾವನ್ನು ಮರೆಯಲಿಲ್ಲ. ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸಮಾಡಿ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಶಿರಸ್ತ್ರಾಣದ ಮಹತ್ವವನ್ನು ಕುರಿತು ಬರೆದರು. ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಅದು ಕಡ್ಡಾಯವಾದದ್ದು 1973ರಲ್ಲಿ. ವೈದ್ಯನಿಗೆ ತಿಳಿದ ಸತ್ಯ ಶಾಸನವಾಗಲು ಮೂವತ್ತೆರಡು ವರ್ಷ ಹಿಡಿಯಿತು.

ನಮ್ಮಲ್ಲಿ ಶಾಸನವೇನೋ ಇದೆ. ಕರ್ನಾಟಕದಲ್ಲಿ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರಿಂದ ಜಾರಿಯಲ್ಲಿದೆ. ಆದರೂ ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇಕಡ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆಯೇ ಐವತ್ತು ಸಾವಿರ. ಅವರ ಗಾಡಿಗಳಲ್ಲಿ ಎಷ್ಟಕ್ಕೆ ಗಾರ್ಡು ಹಾಕಿತ್ತೆಂದು ವರದಿ ಎಣಿಸುವುದಿಲ್ಲ. ಎಣಿಸುವ ಅಗತ್ಯವೂ ಇಲ್ಲ. ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟು, ಎಂಜಿನ್ನಿಗೆ ಗಾರ್ಡು ತೊಡಿಸಿ ಹೋಗುವ ಸವಾರನನ್ನು ನಾವೆಲ್ಲ ದಿನವೂ ಕಾಣುತ್ತೇವೆ. ಆತ ಕಾಯುತ್ತಿರುವುದು ಬಿಡಿಭಾಗ ಸಿಕ್ಕುವ ವಸ್ತುವನ್ನು. ಬಯಲಿಗೆ ಬಿಟ್ಟಿರುವುದು ಸಿಕ್ಕದ ವಸ್ತುವನ್ನು.

ಇನ್ನೊಂದು ಮಾತು. ರಸ್ತೆಯಲ್ಲಿ ನಾವು ಒಬ್ಬರೇ ಇಲ್ಲ. ಪಕ್ಕಕ್ಕೆ ಚಾಚಿದ ಉಕ್ಕಿನ ಕೊಳವೆ ನನ್ನ ಗಾಡಿಗೆ ಕವಚವಾದರೆ, ಕಿಕ್ಕಿರಿದ ಪೇಟೆಯಲ್ಲಿ ನಡೆದುಹೋಗುವವಳ ಮೊಣಕಾಲಿಗೆ ಅದು ಆಯುಧ. ಕಾರು ಮುಂತಾದ ವಾಹನಗಳ ಮುಂದೆ ಕಟ್ಟುವ ಬುಲ್ ಬಾರುಗಳು ಪಾದಚಾರಿಗಳಿಗೆ ಅಪಾಯಕರವೆಂದೂ, ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೆಂದೂ 2017ರ ಡಿಸೆಂಬರಿನಲ್ಲಿ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಕಾನೂನೇ ಬಯಸುವ ಕವಚವೂ ಒಂದುಂಟು: ಹಿಂದಿನ ಗಾಲಿಯ ಅರ್ಧವನ್ನಾದರೂ ಮುಚ್ಚಿ, ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ಸಾಧನ. ನಮ್ಮ ಜನ ಅದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಅಂದಗೆಡುತ್ತದೆಯೆಂದು ತರುಣರು ಮೊದಲು ಕಳಚಿಸುವುದು ಅದನ್ನೇ! ಗಾಡಿಯನ್ನು ಕಾಯುವುದನ್ನು ಹಣ ಕೊಟ್ಟು ಹಾಕಿಸಿ, ತಾಯಿಯ ಸೆರಗನ್ನು ಕಾಯುವುದನ್ನು ತೆಗೆಸಿಹಾಕುವ ಅಭಿರುಚಿಗೆ ಏನೆನ್ನೋಣ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸ್ಲೈಡರ್ ಬೇಡವೆಂದು ನಾನು ಹೇಳುವುದಿಲ್ಲ. ಅದರ ಸರದಿ ಕೊನೆಯದು ಎನ್ನುತ್ತೇನೆ. ಮೊದಲು ಐ. ಎಸ್. ಐ. ಗುರುತುಳ್ಳ, ತಲೆಗೆ ಸರಿಹೊಂದುವ ಹೆಲ್ಮೆಟ್ಟು, ಸವಾರನಿಗೊಂದು, ಹಿಂದಿನವರಿಗೊಂದು. ಗದ್ದದ ಕೆಳಗೆ ಪಟ್ಟಿಯನ್ನು ಬಿಗಿಯುವ ಅಭ್ಯಾಸವೂ ಅದರೊಡನೆ ಸೇರಿದ್ದು. ಆಮೇಲೆ ಸವೆಯದ ಟೈರು, ಹಿಡಿಯುವ ಬ್ರೇಕು. ಆಮೇಲೆ ಕೈಗವಸು, ಹರಡು ಮುಚ್ಚುವ ಬೂಟು. ಬಿದ್ದವನು ಮೊದಲು ಊರುವುದು ಅಂಗೈಯನ್ನು. ಇಷ್ಟಾದ ಮೇಲೂ ಹಣ ಉಳಿದರೆ, ಆ ಗಾಡಿಗೆಂದೇ ಮಾಡಿದ, ಹೆಚ್ಚು ಚಾಚಿಕೊಳ್ಳದ ಸ್ಲೈಡರನ್ನು, ಬಲ್ಲವರ ಕೈಯಿಂದ ಧಾರಾಳವಾಗಿ ಹಾಕಿಸಲಿ. ಹಾಕಿಸುವಾಗ ‘ಇದು ಗಾಡಿಗೆ, ನನಗಲ್ಲ’ ಎಂಬುದನ್ನು ತಿಳಿದಿರಲಿ.

ಆ ಹುಡುಗನಿಗೂ ಇದನ್ನೇ ಹೇಳಿದೆ. ಕೈಯಲ್ಲಿದ್ದ ಹಣ ಎರಡಕ್ಕೂ ಸಾಲದೆಂದು ಅವನು ಲೆಕ್ಕ ಹಾಕಿ ನೋಡಿದ. ಹೆಲ್ಮೆಟ್ಟನ್ನು ಕೊಂಡಿದ್ದಾನೆ. ಗಾಡಿಯ ಮೇಲೆ ಒಂದು ಗೀರು ಈಗಾಗಲೇ ಬಿದ್ದಿದೆ. ಅದಕ್ಕಾಗಿ ಅವನಿಗೆ ಬೇಸರವಿದೆ, ನನಗಿಲ್ಲ.