ಸರಕು ಮಾರಿ ಕೈತೊಳೆಯುವವರು

“ಲಿನಕ್ಸಿನವರು ಬಹಳ ಹಟಮಾರಿಗಳು, ಸಾರ್. ಒಂದು ಡ್ರೈವರ್ ಬರೆದು ಕಳುಹಿಸಿದರೆ ಹತ್ತು ಸಲ ತಿದ್ದಿಸುತ್ತಾರೆ. ಅವರ ಬಾಗಿಲು ಕಾಯುವುದಕ್ಕಿಂತ ನಮ್ಮ ಪಾಡಿಗೆ ನಾವು ಗಿರಾಕಿಗೆ ಕೊಟ್ಟುಬಿಡುವುದೇ ಲೇಸು.” ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೀಗೆಂದ. ಅವನೊಬ್ಬನ ಮಾತಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಕಸುಬಿನಲ್ಲಿ ಬಲ್ಲವರೆನಿಸಿಕೊಂಡವರೂ ಇದೇ ಮಾತನ್ನಾಡುವುದನ್ನು ಕೇಳಿದ್ದೇನೆ. ಕನ್ನಡ ಮೇಷ್ಟರಿಗೆ ಈ ವಿಚಾರದಲ್ಲಿ ಏನು ಅಧಿಕಾರವೆಂದು ಓದುಗರು ಕೇಳಬಹುದು. ಅಧಿಕಾರವಿಲ್ಲ; ಅನುಭವಿಸಿದ ನಷ್ಟವಿದೆ.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಂಟು ಕಂಪ್ಯೂಟರುಗಳಿದ್ದುವು. ದುಡ್ಡಿಲ್ಲದ ಕಾಲೇಜಾದ್ದರಿಂದ ಎಲ್ಲಕ್ಕೂ ಉಬುಂಟು ಹಾಕಿಸಿದ್ದೆವು. ವೈ-ಫೈಗೆಂದು ಬೆರಳುದ್ದದ ಎಂಟು ತುಂಡುಗಳನ್ನು ಕೊಂಡೆವು. ಅವುಗಳ ಡ್ರೈವರನ್ನು ಕಂಪನಿಯೇ ಒಂದು ಸಿ.ಡಿ.ಯಲ್ಲಿ ಕೊಟ್ಟಿತ್ತು. 2018ರಲ್ಲಿ ಉಬುಂಟುವಿನ 18.04ನೆಯ ಆವೃತ್ತಿಗೆ ಬದಲಾಯಿಸಿದೆವು. ಮರುದಿನ ಎಂಟೂ ಮೂಕವಾದುವು. ಪರೀಕ್ಷೆಯ ಶುಲ್ಕ ಕಟ್ಟುವ ವಾರವದು. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಊರಿನ ಸೈಬರ್ ಅಂಗಡಿಯ ಮುಂದೆ ಸಾಲುಗಟ್ಟಿ, ಒಂದೊಂದು ಅರ್ಜಿಗೂ ದುಡ್ಡು ತೆತ್ತರು. ಕಂಪನಿಗೆ ಬರೆದರೆ, ಆ ಮಾದರಿಯನ್ನು ನಿಲ್ಲಿಸಿದ್ದೇವೆ, ಹೊಸದನ್ನು ಕೊಳ್ಳಿರಿ ಎಂಬ ಉತ್ತರ ಬಂತು. ಕೆಡದೆ ಇರುವ ವಸ್ತುವನ್ನು ಕಸಕ್ಕೆ ಹಾಕಿರೆಂದು ಹೇಳಲು ಎಷ್ಟು ಧೈರ್ಯ ನೋಡಿ!

ಆದದ್ದೇನು? ಕಂಪ್ಯೂಟರಿನ ಒಳಗೆ ಎಲ್ಲವನ್ನೂ ಆಳುವುದು ಕರ್ನೆಲ್. ಅದಕ್ಕೂ ಹೊರಗಿನ ಉಪಕರಣಕ್ಕೂ ನಡುವೆ ನಿಂತ ದುಭಾಷಿಯೇ ಡ್ರೈವರು. ಇಂತಿಷ್ಟು ಹೊತ್ತು ಕಳೆದ ಮೇಲೆ ನನ್ನನ್ನು ಎಬ್ಬಿಸೆಂದು ಡ್ರೈವರು ಕರ್ನೆಲ್ಲಿಗೆ ಹೇಳಿಡುತ್ತದೆ, ಇದು ಟೈಮರ್. ಹಳೆಯ ಪದ್ಧತಿಯಲ್ಲಿ, ಎಬ್ಬಿಸಿದಾಗ ಯಾವ ಕೆಲಸ ಮಾಡಬೇಕು, ಯಾವ ವಿವರವನ್ನಿಟ್ಟುಕೊಂಡು ಮಾಡಬೇಕು, ಎರಡನ್ನೂ ನೆನಪಿನ ಒಂದೇ ಮೂಲೆಯಲ್ಲಿ ಪಕ್ಕಪಕ್ಕ ಬರೆದಿಡುತ್ತಿದ್ದರು. ಆ ಮೂಲೆಗೆ ಕೈಹಾಕಬಲ್ಲ ಕಳ್ಳನಿಗೆ ಬೀಗ, ಬೀಗದ ಕೈ ಎರಡೂ ಸಿಕ್ಕಂತಾಗುತ್ತಿತ್ತು. 2017ರಲ್ಲಿ ಕೀಸ್ ಕುಕ್ ಎಂಬವರು ಇದನ್ನು ಬದಲಾಯಿಸಲು ಹೊರಟರು. ಟೈಮರನ್ನು ಬಳಸುವ ನೂರಾರು ಜಾಗಗಳು ಜಾಲ, ಧ್ವನಿ, ಯು.ಎಸ್.ಬಿ. ಎಂದು ಬೇರೆಬೇರೆ ವಿಭಾಗಗಳಲ್ಲಿ ಚದುರಿವೆ. ಒಂದೊಂದು ವಿಭಾಗಕ್ಕೂ ಬೇರೆಬೇರೆ ಮೇಲ್ವಿಚಾರಕರು. ಮೊದಲು ಹಳೆಯ ರೀತಿ, ಹೊಸ ರೀತಿ ಎರಡೂ ನಡೆಯುವಂತೆ ಏರ್ಪಾಡು ಮಾಡಿ, ಆಮೇಲೆ ಒಂದೊಂದು ವಿಭಾಗದವರಿಗೂ ತಿದ್ದುಪಡಿ ಕಳುಹಿಸಿ, ಅವರು ಒಪ್ಪಿದ್ದನ್ನು ಅವರ ದಾರಿಯಿಂದ, ಉಳಿದದ್ದನ್ನು ಬೇರೊಂದು ದಾರಿಯಿಂದ ಲೀನಸ್ ಟೊರ್ವಾಲ್ಡ್ಸರಿಗೆ ಮುಟ್ಟಿಸಿ, ಕೊನೆಗೆ ಹಳೆಯ ರೀತಿಯನ್ನು ಕಿತ್ತುಹಾಕಿದರು. ಅದೇ 4.15ನೆಯ ಕರ್ನೆಲ್, ಉಬುಂಟು 18.04ರ ಹೊಟ್ಟೆಯಲ್ಲಿದ್ದದ್ದೂ ಅದೇ.

ಕರ್ನೆಲ್ಲಿನ ಮನೆಯೊಳಗಿದ್ದ ಡ್ರೈವರುಗಳಿಗೆ ಇದರಿಂದ ಕೂದಲೂ ಕೊಂಕಲಿಲ್ಲ. ಬರೆದವನು ಸತ್ತಿರಲಿ, ಕಂಪನಿ ಮುಚ್ಚಿರಲಿ, ಪದ್ಧತಿ ಬದಲಾಯಿಸಿದವನೇ ಅವನ್ನೂ ತಿದ್ದಿಕೊಟ್ಟ. ಅಲ್ಲಿನ ವಾಡಿಕೆ ಅದು. ನಮ್ಮ ಎಂಟು ತುಂಡುಗಳ ಡ್ರೈವರು ಮಾತ್ರ ಮನೆಯ ಹೊರಗೆ, ಸಿ.ಡಿ.ಯ ಡಬ್ಬಿಯಲ್ಲಿತ್ತು. ಅದನ್ನು ತಿದ್ದಬೇಕೆಂದು ಯಾರಿಗೆ ಗೊತ್ತಾಗಬೇಕು?

ಹಾಗಾದರೆ ಒಳಗಿನ ಪದ್ಧತಿಯನ್ನು ಬದಲಾಯಿಸದೆ ಇಟ್ಟರಾಯಿತಲ್ಲ ಎನ್ನುತ್ತಾರೆ ನನ್ನ ಎದುರಾಳಿಗಳು. ಎಂದರೆ, ಕಂಪನಿಯವನ ಅನುಕೂಲಕ್ಕಾಗಿ ಕಳ್ಳನಿಗೆ ಬಾಗಿಲು ತೆರೆದೇ ಇರಬೇಕು! ಮೇಲೆ ಓಡುವ ಪ್ರೋಗ್ರಾಮುಗಳನ್ನು ಕೆಡಿಸುವುದಿಲ್ಲವೆಂದು ಟೊರ್ವಾಲ್ಡ್ಸರು ಪಟ್ಟು ಹಿಡಿದಿದ್ದಾರೆ. ಒಳಮನೆಯ ವಿಚಾರದಲ್ಲಿ ಅಂಥ ಮಾತನ್ನು ಅವರು ಯಾರಿಗೂ ಕೊಟ್ಟಿಲ್ಲ.

ಇನ್ನು ಹತ್ತು ಸಲ ತಿದ್ದಿಸುವ ದೂರು. ಅವರು ಕೇಳುವುದಾದರೂ ಏನು? ದೊಡ್ಡ ಬದಲಾವಣೆಯನ್ನು ಚಿಕ್ಕಚಿಕ್ಕದಾಗಿ ಒಡೆದು ಕೊಡು. ಒಂದೊಂದಕ್ಕೂ ಕಾರಣ ಬರೆ. ಕರ್ನೆಲ್ಲಿನಲ್ಲಿ ಇರುವುದನ್ನೇ ಮತ್ತೆ ನೀನು ಬರೆಯಬೇಡ. ಕೊನೆಗೆ ನಿನ್ನ ಹೆಸರು ಹಾಕಿ ಹೊಣೆ ಹೊರು. ಈ ರುಜುವಿನ ಕಟ್ಟಳೆ 2004ರಿಂದ ಇದೆ. ನಮ್ಮಲ್ಲಿ ಪಾಠಾಂತರಗಳನ್ನು ಹೋಲಿಸದೆ ಕಾವ್ಯವೊಂದನ್ನು ಅಚ್ಚು ಹಾಕಿಸಿದವನಿಗೆ ನಾವು ಸಂಪಾದಕನೆಂದು ಹೆಸರು ಕೊಡುತ್ತೇವೆಯೆ? (ಕೊಟ್ಟದ್ದೂ ಉಂಟು, ಆ ಮಾತು ಇಲ್ಲಿ ಬೇಡ.) ಈ ಶಿಷ್ಯನ ಪ್ರಬಂಧವನ್ನು ನಾನು ನಾಲ್ಕು ಸಲ ಹಿಂತಿರುಗಿಸಿದಾಗಲೂ ಅವನು ಮುಖ ಊದಿಸಿಕೊಂಡಿದ್ದ.

ಆ ಕಡೆಯವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಟೊರ್ವಾಲ್ಡ್ಸರ ಬಾಯಿ ಎಷ್ಟು ಕೆಟ್ಟದ್ದೆಂದರೆ, 2018ರಲ್ಲಿ ಅವರೇ ಕ್ಷಮೆ ಕೇಳಿ ಕೆಲಕಾಲ ದೂರ ಸರಿಯಬೇಕಾಯಿತು. ಹೊಸಬನೊಬ್ಬನ ತಿದ್ದುಪಡಿ ಉತ್ತರವಿಲ್ಲದೆ ವಾರಗಟ್ಟಲೆ ಬಿದ್ದಿರುವುದೂ ಉಂಟು. ಇದು ತಪ್ಪೇ ಸರಿ. ಆದರೆ ಅಲ್ಲಿ ಓದಿ ತೂಗಿನೋಡುವ ಕೈಗಳು ಕಡಮೆ ಇರುವುದಕ್ಕೆ, ಬರೆದುಕೊಟ್ಟು ಓಡುವ ಕಂಪನಿಗಳೂ ಕಾರಣವಲ್ಲವೆ? ಬರೆಯಲು ಆಳಿಲ್ಲವೆಂಬ ನೆಪವಂತೂ ನಿಲ್ಲದು. 2007ರಲ್ಲೇ ಗ್ರೆಗ್ ಕ್ರೋ-ಹಾರ್ಟ್‌ಮನ್ನರು, ಉಪಕರಣದ ವಿವರ ಕೊಡಿ, ಡ್ರೈವರನ್ನು ನಾವೇ ಪುಕ್ಕಟೆಯಾಗಿ ಬರೆದುಕೊಡುತ್ತೇವೆಂದು ಕಂಪನಿಗಳಿಗೆ ಸಾರಿದ್ದರು. ಮರುವರ್ಷ, ಇನ್ನೂ ಒರಟಾಗಿರುವ ಡ್ರೈವರುಗಳನ್ನು ಇಟ್ಟು ಹದಮಾಡಲೆಂದು ‘ಸ್ಟೇಜಿಂಗ್’ ಎಂಬ ಪಡಸಾಲೆಯನ್ನೂ ಕರ್ನೆಲ್ಲಿನೊಳಗೆ ಕಟ್ಟಿದರು. ಇಷ್ಟಾದ ಮೇಲೂ ಬಾಗಿಲು ಮುಚ್ಚಿದೆ ಎನ್ನುವವರು ಬಾಗಿಲನ್ನು ತಟ್ಟಿಯೇ ಇಲ್ಲ.

ಶಿಷ್ಯ ಕಾಫಿ ಕುಡಿದು, “ಮಾರುಕಟ್ಟೆಯವರು ಕಾಯುವುದಿಲ್ಲ, ಸಾರ್” ಎಂದು ಎದ್ದುಹೋದ. ನಿಜವಿರಬಹುದು. ಕಾಯಬೇಕಾದವರು ಕೊಳ್ಳುವ ನಾವು. ಮೊನ್ನೆ ಕಾಲೇಜಿನ ಖರೀದಿ ಸಮಿತಿಯಲ್ಲಿ ಟೆಂಡರಿಗೆ ಒಂದು ಸಾಲು ಸೇರಿಸಿಸಿದೆ: ಉಪಕರಣದ ಡ್ರೈವರು ಲಿನಕ್ಸ್ ಕರ್ನೆಲ್ಲಿನೊಳಗೇ ಇರತಕ್ಕದ್ದು, ಸಿ.ಡಿ.ಯಲ್ಲಿ ಕೊಟ್ಟದ್ದನ್ನು ಒಪ್ಪಲಾಗುವುದಿಲ್ಲ. ಗುಮಾಸ್ತರು ಅದನ್ನು ‘ಕನ್ನಡ ಮೇಷ್ಟರ ಷರತ್ತು’ ಎಂದು ಹಾಸ್ಯ ಮಾಡುತ್ತಿದ್ದಾರೆ. ಮಾಡಲಿ. ಆ ಎಂಟು ತುಂಡುಗಳನ್ನು ನಾನಿನ್ನೂ ಎಸೆದಿಲ್ಲ. ಗ್ರಂಥಾಲಯದ ಬೀರುವಿನಲ್ಲಿವೆ, ಕೇಳಿದವರಿಗೆ ತೋರಿಸುತ್ತೇನೆ.