ಕಾಲ್ಚೆಂಡಿಗೂ ಒಂದು ಪುಟ ಬೇಡವೇ?

ಸಾಹಿತ್ಯದ ಪತ್ರಿಕೆಯಲ್ಲಿ ಫುಟ್‌ಬಾಲಿಗೇನು ಕೆಲಸ ಎಂದು ಮೂಗು ಮುರಿಯುವವರು ನಮ್ಮ ಸಂಘದಲ್ಲೇ ಇದ್ದಾರೆ. ಮುರಿಯಲಿ ಬಿಡಿ. ಕವನ ಬರಲಿ, ಹನಿಗವನ ಬರಲಿ, ಹಂಪಿಗೆ ಹೋಗಿ ಬಂದ ಕಥೆಯೂ ಬರಲಿ. ಆದರೆ ನಮ್ಮ ನಾಡಿನ ಹುಡುಗರು ಬರಿಗಾಲಲ್ಲಿ ಆಡಿ ಗಳಿಸಿದ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಾನು ಶಿವಾಜಿ ಮಹಾರಾಜರ ಚರಿತ್ರೆಯನ್ನೂ ಕನ್ನಡದಲ್ಲೇ ಓದಿ ಹತ್ತನೆಯದು ಪಾಸಾದವನು. ಈ ಸಂಗತಿ ಮಾತ್ರ ನನಗೆ ಯಾವ ಪಾಠದಲ್ಲೂ ಸಿಗಲಿಲ್ಲ.

ಕಾಮರ್ಸಿನವನಲ್ಲವೇ, ಮೊದಲು ಜಮೆಯ ಲೆಕ್ಕ ಒಪ್ಪಿಸುತ್ತೇನೆ. ಇದೇ ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು ವರ್ಷಗಟ್ಟಲೆ ಬಿಳಿಯ ಪಲ್ಟನ್ನುಗಳೇ ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ತಂದಿತು. 1952-53ರಲ್ಲೂ ಅದೇ ಬಂಗಾಳ, ಅದೇ ಫಲ.

1948ರ ಲಂಡನ್ ಒಲಿಂಪಿಕ್ಸ್ ನೋಡಿ. ಜುಲೈ 31ರಂದು ಫ್ರಾನ್ಸಿನ ಎದುರು ಆಡಿದ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅಂದೇ ಬಂತು. ಹೊಡೆದವರು ಸಾರಂಗಪಾಣಿ ರಾಮನ್. ಸಿಕ್ಕಿದ ಎರಡು ಪೆನಾಲ್ಟಿ ಕೈಬಿಟ್ಟು ಕೊನೆಗೆ 2-1ರಲ್ಲಿ ಸೋತೆವು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುನ್ಪಡೆಯ ಆಟಗಾರರನ್ನು ಬಂಗಾಳದ ಜನ 'ಪಂಚಪಾಂಡವರು' ಅಂತ ಕರೆದರು. ಅವರಲ್ಲಿ ಖಾನ್ ಒಬ್ಬರು. 1949ರಿಂದ 51ರವರೆಗೆ ಮೂರು ವರ್ಷ ಸಾಲಾಗಿ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿಗೇ. ಖಾನ್ 2017ರಲ್ಲಿ ತೀರಿಕೊಂಡರು. ಪಾಂಡವರು ಎಂದರೆ ಮಹಾಭಾರತ ನೆನೆಯುವ ನಾವು ಈ ಪಾಂಡವನ ಹೆಸರು ಕೇಳಿಯೇ ಇಲ್ಲ.

"ಅವರ ಮನೆಮಾತು ಉರ್ದು, ತಮಿಳು. ಅದು ಕನ್ನಡದ ವಿಷಯ ಹೇಗಾದೀತು?" ಎಂದು ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಸಣ್ಣದಲ್ಲ. ಆದರೆ ಅದನ್ನು ಡೊಂಬಿವಲಿಯಲ್ಲಿ ನಿಂತು ಕೇಳುವುದಿದೆಯಲ್ಲ, ಅದು ನನಗೆ ಸರಿಕಾಣುವುದಿಲ್ಲ. ನಮ್ಮ ಮನೆಮಾತು ಕನ್ನಡ, ತುಳು, ಕೊಂಕಣಿ. ಬೀದಿಯ ಮಾತು ಮರಾಠಿ. ನಾಳೆ ನಮ್ಮ ಬಂಟರ ಹುಡುಗನೊಬ್ಬ ಮಹಾರಾಷ್ಟ್ರದ ಅಂಗಿ ತೊಟ್ಟು ಗೋಲು ಹೊಡೆದಾಗ "ಇವ ನಮ್ಮವನಲ್ಲ" ಎಂದು ಠಾಣೆಯವರು ಅಂದರೆ ನಾವು ಸುಮ್ಮನಿರುತ್ತೇವಾ? ನಮಗೆ ಬೇಕೆನಿಸುವ ನ್ಯಾಯವನ್ನು ಬೆಂಗಳೂರಿನ ಆಸ್ಟಿನ್ ಟೌನಿನವರಿಗೂ ಕೊಡಬೇಕು. ಮೈಸೂರಿನ ಹೆಸರು ಹೊತ್ತು ಆಡಿದವರು ಮೈಸೂರಿನವರು. ಇದರಲ್ಲಿ ಇನ್ನೇನು ವಾದ?

ಮರೆಯುವುದು ಹಳಬರನ್ನು ಮಾತ್ರವಲ್ಲ. 1968-69ರ ಮೇಲೆ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಸಂಘದಲ್ಲಿ ಅದರ ಮಾತೇ ಏಳಲಿಲ್ಲ. ಅದೇ ಕ್ರಿಕೆಟ್ ಆಗಿದ್ದರೆ ಲಾಡು ಹಂಚುತ್ತಿದ್ದೆವು.

ಇನ್ನು ನಮ್ಮ ಕಾಲೇಜು ತಂಡದ ಪಾಡು. ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪೇ ಬಂದಿತ್ತು. ನಮ್ಮ ಹುಡುಗರಿಗೆ ಮಾತ್ರ ಸಂಜೆ ಒಂದು ಗಂಟೆ ಆಡಲು ಮೈದಾನ ಸಿಗದು. ಸಿಕ್ಕಿದ ದಿನ ಅರ್ಧದಲ್ಲಿ ಮದುವೆಯ ಶಾಮಿಯಾನ. ಬೂಟಿನ ಚೀಲ ಹೊತ್ತು ಬೆಳಗಿನ ಲೋಕಲ್ ಹತ್ತಿದರೆ ಬೈಗುಳ ಉಚಿತ. ಸಂಜೆ ಕ್ಲಾಸ್ ತಪ್ಪಿಸಿದರೆ ಅಕೌಂಟ್ಸ್ ಕೈಕೊಡುತ್ತದೆ. ಇಷ್ಟೆಲ್ಲ ಅನುಭವಿಸಿ ಆಡಿದವರ ಬಗ್ಗೆ ಕಾಲೇಜಿನ ವಾರ್ಷಿಕ ವರದಿ ಹೇಳುವುದು ಒಂದೇ ಸಾಲು: "ನಮ್ಮ ತಂಡ ಭಾಗವಹಿಸಿತು." ಯಾರೊಡನೆ ಆಡಿದರು, ಗೋಲಿನಲ್ಲಿ ಯಾರು ನಿಂತಿದ್ದರು, ಎಷ್ಟರಲ್ಲಿ ಸೋತರು, ಒಂದೂ ಇಲ್ಲ. ಇಪ್ಪತ್ತು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಏನು ಸಿಕ್ಕೀತು? ಬೆಂಗಳೂರಿನ ಆಟಗಾರರನ್ನು ನೆನೆಯಲು ಗೆದ್ದ ಕಪ್ಪುಗಳಾದರೂ ಉಳಿದವು. ಸೋತು ಬಂದವರಿಗೆ ಉಳಿಯುವುದು ಬರೆದಿಟ್ಟದ್ದು ಮಾತ್ರ.

ಮೈದಾನ ಕೊಡಿಸುವ ಶಕ್ತಿ ನಮ್ಮ ಸಂಘಕ್ಕಿಲ್ಲ, ಒಪ್ಪಿದೆ. ಬರೆಯುವ ಶಕ್ತಿ ಇದೆಯಲ್ಲ? ಪ್ರತಿ ಸಂಚಿಕೆಯಲ್ಲಿ ಒಂದು ಪುಟ ಆಟಕ್ಕೆ ಮೀಸಲಿಡೋಣ. ಈ ಸಲದ ಹನ್ನೊಂದು ಮಂದಿಯ ಹೆಸರು, ಆಡಿದ ಪಂದ್ಯ, ಬಂದ ಫಲ, ಉಳುಕಿದ ಕಾಲು ಎಲ್ಲವೂ ಬರಲಿ. ಕೋಟೆಯ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರು ಕಲ್ಯಾಣ, ಠಾಣೆಯ ಕಡೆ ಇನ್ನೂ ಇದ್ದಾರೆ. ಅವರ ಕಾಲದ ಆಟದ ಸಂಗತಿಯನ್ನು ಕೇಳಿ ಬರೆದುಕೊಳ್ಳೋಣ. ಸಂಪಾದಕರು ಒಪ್ಪಿದರೆ ಮುಂದಿನ ಸಂಚಿಕೆಯ ಪುಟಕ್ಕೆ ನಮ್ಮ ತಂಡದ ಈ ವರ್ಷದ ಐದು ಪಂದ್ಯಗಳ ವಿವರ ನಾನೇ ಬರೆದು ಕೊಡುತ್ತೇನೆ. ನಾಲ್ಕು ಸೋಲು, ಒಂದು ಡ್ರಾ. ಇದ್ದದ್ದು ಇದ್ದ ಹಾಗೆಯೇ.