ಆಪರೇಷನ್ ಆದ ಮೇಲೂ ಹಸಿವು: ಬೈಗುಳ ಬೇಡ, ತಪಾಸಣೆ ಬೇಕು

"ಲಕ್ಷಗಟ್ಟಲೆ ಸುರಿದು ಹೊಟ್ಟೆ ಕೊಯ್ಸಿಕೊಂಡು ಬಂದ್ಲು, ಮೂರು ವರ್ಷಕ್ಕೆ ಮತ್ತೆ ಹಾಗೇ ಊದ್ಕೊಂಡ್ಲು. ಬಾಯಿ ಕಟ್ಟಬೇಕು ಕಣ್ರೀ, ಬಾಯಿ."

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರ ಬೆನ್ನ ಹಿಂದೆ ಆಡುವ ಮಾತು ಇಂಥದ್ದು. ಮುಖದ ಮೇಲೇ ಅನ್ನುವವರೂ ಇದ್ದಾರೆ. ಈ ಮಾತು ತಪ್ಪು ಅನ್ನುವುದು ನಮ್ಮ ಅಭಿಪ್ರಾಯ. ಬರೀ ಮನಸ್ಸು ನೋಯುತ್ತದೆ ಅಂತಲ್ಲ. ದೇಹ ಕೆಲಸ ಮಾಡುವ ರೀತಿಗೇ ಇದು ಹೊಂದುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಡಾಕ್ಟರ ಹತ್ತಿರ ಹೋಗಬೇಕಾದವರನ್ನು ನಾಚಿಕೆಯಿಂದ ಮನೆಯೊಳಗೇ ಕೂರಿಸಿಬಿಡುತ್ತದೆ.

ನಮ್ಮಲ್ಲಿ ಕೆಲವರು ಈಗ ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆಗೆ ಇದ್ದೇವೆ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಬಸ್ಸುಗಳು ಹೊಸಕೋಟೆ ದಾಟಿ ಕೆ.ಆರ್. ಪುರಕ್ಕೆ ಬರುತ್ತವೆ. ಅಲ್ಲಿಂದ ಮೆಟ್ರೋದಲ್ಲಿ ಎರಡೇ ಸ್ಟೇಷನ್, ಗರುಡಾಚಾರ್‌ಪಾಳ್ಯ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋ ಶುರುವಾದ ಮೇಲೆ ಈ ಭಾಗದ ಖಾಸಗಿ ಆಸ್ಪತ್ರೆಗಳಿಗೆ ಊರಿನಿಂದ ಬಂದು ಹೋಗುವುದು ಸುಲಭವಾಗಿದೆ. ಆಪರೇಷನ್‌ಗೆ ಬರುವ ದಾರಿ ಚೆನ್ನಾಗಿದೆ. ಮೂರನೇ ವರ್ಷ, ಐದನೇ ವರ್ಷ ತೊಂದರೆ ಆದಾಗ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅನ್ನುವ ದಾರಿ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೇ ವಯಸ್ಸಿಗೇ ತೀರಿಕೊಂಡಾಗ ಎಲ್ಲರೂ "ದಪ್ಪ ಇಳಿಸುವ ಆಪರೇಷನ್" ಅಂದರು. ಅದು ಕೊಬ್ಬು ತೆಗೆಸುವ ಆಪರೇಷನ್. ನಾವು ಇಲ್ಲಿ ಹೇಳುತ್ತಿರುವುದು ಜಠರಕ್ಕೆ ಮಾಡುವ ಬೇರಿಯಾಟ್ರಿಕ್ ಆಪರೇಷನ್. ಅದರಲ್ಲಿ ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್ ಅಂದರೆ ಜಠರದ ನೂರಕ್ಕೆ 75ರಿಂದ 80 ಭಾಗ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಸಣ್ಣ ಕೊಳವೆ ಉಳಿಸುವುದು. ಗ್ಯಾಸ್ಟ್ರಿಕ್ ಬೈಪಾಸ್ ಅಂದರೆ ಜಠರದ ಮೇಲ್ಭಾಗದಲ್ಲಿ ಕೋಳಿಮೊಟ್ಟೆ ಗಾತ್ರದ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುವುದು. ಹಾರ್ಟ್ ಬೈಪಾಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಇದು ಅಂದಕ್ಕಾಗಿ ಮಾಡುವ ಆಪರೇಷನ್ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಇದು ವಿಮೆಗೆ ಸೇರಬೇಕಾದರೆ ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ಗಂಭೀರ ಕಾಯಿಲೆ ಜೊತೆಗಿರಬೇಕು. ಐದೂಕಾಲು ಅಡಿ ಎತ್ತರದವರ ಲೆಕ್ಕದಲ್ಲಿ ಬಿಎಂಐ 40 ಅಂದರೆ ಸುಮಾರು 102 ಕೆಜಿ, 35 ಅಂದರೆ ಸುಮಾರು 90 ಕೆಜಿ. ಇಷ್ಟು ತೂಕ ಹೊತ್ತು ಹೊಲದ ಕೆಲಸ ಮಾಡುವವರಿಗೆ ಮಂಡಿ, ಸೊಂಟ, ಉಸಿರು ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಇಂಥವರಿಗೆ ಈ ಆಪರೇಷನ್ ನಿಜವಾಗಿ ಉಪಕಾರ ಮಾಡುತ್ತದೆ. ನಾವು ಆಪರೇಷನ್ ವಿರೋಧಿಗಳಲ್ಲ.

ಹಾಗಾದರೆ ಜಠರವನ್ನೇ ತೆಗೆದ ಮೇಲೂ ಹಸಿವು ಯಾಕೆ?

ಹಸಿವು ಹೊಟ್ಟೆಯಲ್ಲಿ ಮಾತ್ರ ಹುಟ್ಟುವುದಿಲ್ಲ, ಮಿದುಳಿನಲ್ಲೂ ಹುಟ್ಟುತ್ತದೆ. ಮೈಯ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ "ನನ್ನ ಹತ್ತಿರ ಇಷ್ಟು ದಾಸ್ತಾನಿದೆ" ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಇದು ಪತ್ತೆಯಾದದ್ದು 1994ರಲ್ಲಿ. ಜಠರ ಗ್ರೆಲಿನ್ ಎಂಬ ಹಾರ್ಮೋನಿನಿಂದ "ಊಟ ಬೇಕು" ಅನ್ನುತ್ತದೆ. ಇದು 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮಿದುಳಿಗೆ ಅದು ಬರಗಾಲ ಬಂದ ಹಾಗೆ. ಆಗ ಹಸಿವು ಹೆಚ್ಚಿಸುತ್ತದೆ, ಮೈ ಸುಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಪಥ್ಯದಿಂದ ತೂಕ ಇಳಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ವರದಿ ಪ್ರಕಾರ, ಒಂದು ವರ್ಷ ಕಳೆದರೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಆಪರೇಷನ್ ಈ ಜಗಳದಲ್ಲಿ ನಮ್ಮ ಪರ ನಿಲ್ಲುತ್ತದೆ. ಸ್ಲೀವ್‌ನಲ್ಲಿ ಗ್ರೆಲಿನ್ ಹೆಚ್ಚು ತಯಾರಾಗುವ ಭಾಗವೇ ಹೋಗುತ್ತದೆ. ಬೈಪಾಸ್‌ನಲ್ಲಿ ಊಟ ಬೇಗ ಕೆಳಗಿನ ಕರುಳು ಸೇರಿ, "ಸಾಕು" ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ. ಅದಕ್ಕೇ ಮೊದಲ ವರ್ಷ ಹಸಿವೇ ಇಲ್ಲದ ಹಾಗೆ ಇರುತ್ತದೆ. ಆದರೆ ದೇಹ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಸ್ವೀಡನ್ನಿನಲ್ಲಿ 1987ರಿಂದ ಇಂಥ ಆಪರೇಷನ್ ಆದವರನ್ನು ದಶಕಗಳ ಕಾಲ ಗಮನಿಸಿದ್ದಾರೆ. ಅಲ್ಲಿ ಎರಡನೇ ವರ್ಷಕ್ಕೆ ಸರಾಸರಿ ನೂರಕ್ಕೆ 23 ಭಾಗ ತೂಕ ಇಳಿದಿತ್ತು, ಹತ್ತನೇ ವರ್ಷಕ್ಕೆ ಆ ಇಳಿಕೆ 17ಕ್ಕೆ ಬಂದಿತ್ತು. ಅಂದರೆ 100 ಕೆಜಿ ಇದ್ದವರು 77ಕ್ಕೆ ಇಳಿದು, ಆಮೇಲೆ 83ಕ್ಕೆ ಬಂದ ಹಾಗೆ. ಆದರೂ ಆಪರೇಷನ್ ಆಗದವರಿಗಿಂತ ಅವರಲ್ಲಿ ಸಾವು ಕಡಿಮೆ ಇತ್ತು. ಹಾಗಾಗಿ ಐದಾರು ಕೆಜಿ ಮರಳಿದರೆ ಆಪರೇಷನ್ ಕೆಟ್ಟಿತು ಅಂತಲೂ ಅಲ್ಲ, ಮನುಷ್ಯ ಕೆಟ್ಟ ಅಂತಲೂ ಅಲ್ಲ.

ಆದರೆ ತೂಕ ಏರುತ್ತಲೇ ಇದ್ದರೆ, ಉಂಡ ಗಂಟೆಗೇ ಮತ್ತೆ ಹಸಿವು ಕಾಡಿದರೆ, ಅದಕ್ಕೆ ಕಾರಣ ಹುಡುಕಬೇಕು. "ಕಾರಣ ಗೊತ್ತಾಗುತ್ತಿಲ್ಲ" ಅನ್ನುವ ಕಡೆ ಎಷ್ಟೋ ಸಲ ನಡೆದಿರುವುದು "ಕಾರಣ ಹುಡುಕಿಲ್ಲ" ಅನ್ನುವುದು. ನೋಡಬೇಕಾದವು ಇವು:

ಒಂದು, ಜಠರದ ಆಕಾರ. ಉಳಿಸಿದ ಕೊಳವೆ ಅಥವಾ ಚೀಲ ಹಿಗ್ಗಿರಬಹುದು. ಬೈಪಾಸ್ ಆದವರಲ್ಲಿ ಜೋಡಣೆಯ ಬಾಯಿ ಅಗಲವಾಗಿರಬಹುದು, ಚೀಲಕ್ಕೂ ಹಳೆಯ ಜಠರಕ್ಕೂ ನಡುವೆ ದಾರಿ ಬಿದ್ದಿರಬಹುದು. ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ.

ಎರಡು, ಸಕ್ಕರೆ ಕುಸಿತ. ಬೈಪಾಸ್ ಆದ ಕೆಲವರಿಗೆ, ಹೆಚ್ಚಾಗಿ ಒಂದು ವರ್ಷದ ನಂತರ, ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ತಡೆಯಲಾಗದ ಹಸಿವು ಬರುತ್ತದೆ. ಸಿಹಿ ತಿಂದರೆ ಸರಿಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಆ ಹೊತ್ತಿನಲ್ಲೇ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ ಬರೆದಿಡಿ. ಡಾಕ್ಟರಿಗೆ ಆ ಚೀಟಿ ಬಹಳ ಸಹಾಯ ಮಾಡುತ್ತದೆ.

ಮೂರು, ಔಷಧಿ. ಇನ್ಸುಲಿನ್, ಕೆಲವು ಸಕ್ಕರೆ ಮಾತ್ರೆ, ಸ್ಟೀರಾಯ್ಡ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆ ಹಸಿವು ಹೆಚ್ಚಿಸುತ್ತವೆ. ಮಂಡಿ ನೋವಿಗೆಂದು ಹೆಸರಿಲ್ಲದ ಪುಡಿ ತಗೊಳ್ಳುವವರು ಎಚ್ಚರ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದ್ದುಂಟು. ಆದರೆ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ನಾಲ್ಕು, ಥೈರಾಯ್ಡ್, ಬಿ12, ಕಬ್ಬಿಣ, ವಿಟಮಿನ್ ಡಿ. ಈ ಆಪರೇಷನ್ ಆದವರಿಗೆ ಇವುಗಳ ರಕ್ತಪರೀಕ್ಷೆ ಜೀವಮಾನವಿಡೀ ಬೇಕು. ಇನ್ನೊಂದು ಮಾತು: ವಾಂತಿ ನಿಲ್ಲದೇ ಹೋದರೆ ಬಿ1 ವಿಟಮಿನ್ ಖಾಲಿಯಾಗಿ ನರಕ್ಕೂ ಮಿದುಳಿಗೂ ಪೆಟ್ಟು ಬೀಳಬಹುದು. ಆಗ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಐದು, ನಿದ್ದೆ. 2004ರಲ್ಲಿ ಶಿಕಾಗೋದಲ್ಲಿ 12 ಜನ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಗ್ರೆಲಿನ್ ಏರಿತು, ಲೆಪ್ಟಿನ್ ಇಳಿಯಿತು, ಹಸಿವು ನೂರಕ್ಕೆ 24 ಭಾಗ ಹೆಚ್ಚಿತು. ನಮ್ಮ ಪಾಳ್ಯದಲ್ಲಿ ನೈಟ್ ಶಿಫ್ಟ್‌ನ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಓಡಿಸುವವರು ತುಂಬಾ ಜನ. ಊರಲ್ಲಿ ರಾತ್ರಿ ಕರೆಂಟ್ ಬಂದಾಗ ಎದ್ದು ಮೋಟಾರ್ ಹಾಕುವ ರೈತರಿದ್ದಾರೆ. ಅವರ ಹಸಿವಿಗೆ "ಬಾಯಿ ಕಟ್ಟು" ಅನ್ನುವುದು ಉತ್ತರವಲ್ಲ.

ಆರು, ಊಟದ ಬಗೆ. ಸಣ್ಣ ಜಠರದಲ್ಲಿ ಮೊಟ್ಟೆ, ಕೋಳಿ, ಕಾಳು ನಿಲ್ಲುತ್ತವೆ, ಹೊಟ್ಟೆ ತುಂಬಿದ ಹಾಗನಿಸುತ್ತದೆ. ಬಿಸ್ಕತ್ತು, ಚಿಪ್ಸ್, ಜ್ಯೂಸ್, ಸಕ್ಕರೆ ಟೀ ಜಾರಿ ಹೋಗುತ್ತವೆ. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ ಸುಮಾರು 240 ಕ್ಯಾಲೊರಿ. ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಮೊಳಕೆ ಹುರುಳಿ, ಆಮೇಲೆ ಸೊಪ್ಪಿನ ಪಲ್ಯ, ಕೊನೆಗೆ ಮುದ್ದೆ, ಅನ್ನ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಇದನ್ನು ಹೇಳಿಕೊಡಬೇಕಾದವರು ನಮ್ಮ ಮನೆಯ ಊಟ ಗೊತ್ತಿರುವ ಆಹಾರ ತಜ್ಞರು. ಓಟ್ಸ್, ಬ್ರೊಕೊಲಿ ಬರೆದ ಇಂಗ್ಲಿಷ್ ಚೀಟಿಯಿಂದ ಹಳ್ಳಿಯ ಅಡುಗೆಮನೆಗೆ ಏನೂ ಉಪಯೋಗವಿಲ್ಲ.

ಈಗ ಆಸ್ಪತ್ರೆಗಳಿಗೆ ನಮ್ಮ ಮಾತು. ಆಪರೇಷನ್‌ನ ಪ್ಯಾಕೇಜ್ ರೇಟು ಹೇಳುವಾಗಲೇ ಐದು ವರ್ಷದ ಫಾಲೋ-ಅಪ್ ಖರ್ಚನ್ನೂ ಸೇರಿಸಿ ಹೇಳಿ. ರಕ್ತಪರೀಕ್ಷೆಗೆ ಎಷ್ಟು, ವಿಟಮಿನ್ ಮಾತ್ರೆಗೆ ತಿಂಗಳಿಗೆ ಎಷ್ಟು, ತೂಕ ಮರಳಿದರೆ ಏನು ಮಾಡುತ್ತೀರಿ, ಎಲ್ಲ ಕನ್ನಡದಲ್ಲಿ ಬರೆದು ಕೊಡಿ. ಹಸು ಮಾರಿ, ಒಡವೆ ಅಡವಿಟ್ಟು ಬರುವವರಿಗೆ ಇದು ಮೊದಲೇ ಗೊತ್ತಿರಬೇಕು.

ಓದುಗರಿಗೆ ಒಂದು ಮುಖ್ಯ ವಿಷಯ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಅಷ್ಟೇ! ತೂಕ ಮರಳುವ ತೊಂದರೆ ಎದ್ದು ಕಾಣುವುದು ಎಷ್ಟೋ ಸಲ ಅದಾದ ಮೇಲೆ. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿ ಮಾತ್ರವಲ್ಲ, ಆಪರೇಷನ್ ನೋಟ್ಸ್ ಕೂಡ ಅವತ್ತೇ ಕೇಳಿ ತಗೊಳ್ಳಿ. ಯಾವ ಬಗೆಯ ಆಪರೇಷನ್, ಎಷ್ಟು ಉಳಿಸಿದ್ದಾರೆ ಅನ್ನುವುದು ಅದರಲ್ಲಿರುತ್ತದೆ. ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ.

ಸರ್ಕಾರಕ್ಕೂ ಒಂದು ಬೇಡಿಕೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. "ಹೊಟ್ಟೆಯ ಆಪರೇಷನ್ ಆಗಿದೆಯಾ?" ಎಂಬ ಒಂದು ಪ್ರಶ್ನೆ ಅಲ್ಲಿ ಸೇರಿಸಲಿ. ಆಗಿದ್ದವರಿಗೆ ವರ್ಷಕ್ಕೊಮ್ಮೆ ಬಿ12, ಕಬ್ಬಿಣ, ಥೈರಾಯ್ಡ್ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚಿದೆ. ಇದು ಇನ್ನು ಪಟ್ಟಣದ ಶ್ರೀಮಂತರ ಕಾಯಿಲೆ ಅಲ್ಲ.

ಇಂಜೆಕ್ಷನ್ ಬಗ್ಗೆಯೂ ಕೇಳುವವರಿದ್ದಾರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಭಾರತಕ್ಕೆ ಬಂದವು. ಆಪರೇಷನ್ ನಂತರ ತೂಕ ಮರಳಿದವರಿಗೂ ಡಾಕ್ಟರು ಇವನ್ನು ಕೊಡುವುದುಂಟು, ಹಸಿವು ಕಡಿಮೆಯಾಗುತ್ತದೆ. ಆದರೆ ನಿಲ್ಲಿಸಿದರೆ ಹಸಿವು ಮರಳುತ್ತದೆ. ವೆಗೋವಿಯ ಔಷಧ ನಿಲ್ಲಿಸಿದವರ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಮೆಡಿಕಲ್ ಸ್ಟೋರ್‌ನಲ್ಲಿ ನೀವೇ ಕೇಳಿ ತಗೊಳ್ಳುವ ಔಷಧಿ ಇದಲ್ಲ.

ಈ ಇಂಜೆಕ್ಷನ್ನಿನ ಕಥೆಯೂ ಅದನ್ನೇ ಹೇಳುತ್ತದೆ: ಹಸಿವು ಒಂದು ರಾಸಾಯನಿಕ. ಬಿಪಿ ಏರಿದವರಿಗೆ "ನಿನಗೆ ಮನಸ್ಸು ಗಟ್ಟಿ ಇಲ್ಲ" ಅನ್ನುತ್ತೇವಾ? ಇಲ್ಲ, ಮಾತ್ರೆ ತಗೊಂಡ್ಯಾ ಅಂತ ಕೇಳುತ್ತೇವೆ. ಇಲ್ಲೂ ಹಾಗೇ ಇರಲಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆಪರೇಷನ್ ಆಗಿ ಮತ್ತೆ ದಪ್ಪಗಾದ ಅಕ್ಕನೋ ಅಣ್ಣನೋ ಇದ್ದರೆ, ತಟ್ಟೆ ನೋಡಬೇಡಿ. "ಕೊನೇ ಸಲ ಬ್ಲಡ್ ಟೆಸ್ಟ್ ಯಾವಾಗ ಮಾಡಿಸಿದ್ರಿ? ನಾನೂ ಜೊತೆಗೆ ಬರಲಾ?" ಅಂತ ಕೇಳಿ. ಒಬ್ಬರೇ ಬೆಂಗಳೂರಿಗೆ ಬರಲು ಹಿಂಜರಿಯುವವರಿಗೆ ಆ ಜೊತೆಯೇ ದೊಡ್ಡ ಸಹಾಯ.